ಭಾಷೆ ಬದಲಿಸುವ ಮುನ್ನ ಪ್ರೊಫೈಲರ್ ಓಡಿಸಿ

ದಾವಣಗೆರೆಯಲ್ಲಿ ನನ್ನ ಬಳಿ ಪ್ರೋಗ್ರಾಮಿಂಗ್ ಕಲಿಯಲು ಬರುವ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರು ಬೇಗನೆ ಒಂದು ಪ್ರಶ್ನೆಗೆ ಬಂದು ನಿಲ್ಲುತ್ತಾರೆ: "ಸರ್, ಪೈಥಾನ್ ನಿಧಾನವಂತೆ, ಗೋ ಅಥವಾ ರಸ್ಟ್ ಕಲಿಯುವುದೇ ಒಳ್ಳೆಯದಲ್ಲವೇ?" ನಿಮ್ಮ ಪ್ರೋಗ್ರಾಮಿನಲ್ಲಿ ಹೊತ್ತು ಹೋಗುತ್ತಿರುವುದು ಎಲ್ಲಿ ಎಂದು ಕೇಳಿದರೆ ಉತ್ತರವಿರುವುದಿಲ್ಲ. ಅದನ್ನು ತೋರಿಸುವ ಸಾಧನವೇ ಪ್ರೊಫೈಲರ್; ಸಿಪ್ರೊಫೈಲ್ ಎಂಬ ಪ್ರೊಫೈಲರ್ 2006ರಿಂದಲೂ ಪೈಥಾನ್ ಜೊತೆಯಲ್ಲೇ ಬರುತ್ತಿದೆ.

ಈಚೆಗೆ ಒಬ್ಬ ಹುಡುಗ ಎಪಿಎಂಸಿಯ ಮೆಕ್ಕೆಜೋಳದ ದಲ್ಲಾಳಿ ಅಂಗಡಿಯೊಂದಕ್ಕೆ ಬರೆದ ಲೆಕ್ಕದ ಪ್ರೋಗ್ರಾಮ್ ತಂದಿದ್ದ. ತಿಂಗಳ ವರದಿ ಬರುವಷ್ಟರಲ್ಲಿ ಗುಮಾಸ್ತರು ಕೈಲೆಕ್ಕವನ್ನೇ ಮುಗಿಸುತ್ತಿದ್ದರಂತೆ. ಸಿಪ್ರೊಫೈಲ್ ಪಟ್ಟಿಯ ತಲೆಯಲ್ಲಿ, ಉಳಿದೆಲ್ಲವನ್ನೂ ಕರೆಯುವ ಮೇನ್ ಫಂಕ್ಷನ್ ಕಂಡದ್ದೇ ತಡ, ತಪ್ಪು ಅದರದ್ದೇ ಎಂದು ತೀರ್ಮಾನಿಸಿಬಿಟ್ಟ. ಎಷ್ಟು ಸಲ ಹೇಳಿದರೂ ಎಡವುವುದು ಇಲ್ಲೇ. ಕ್ಯೂಮ್‌ಟೈಮ್ ಎಂಬ ಕಾಲಮ್ಮಿನಲ್ಲಿ ಒಂದು ಫಂಕ್ಷನ್ ತಾನು ಕರೆದ ಎಲ್ಲ ಫಂಕ್ಷನ್‌ಗಳ ಸಮಯವನ್ನೂ ಸೇರಿಸಿಕೊಂಡಿರುತ್ತದೆ; ಟಾಟ್‌ಟೈಮ್‌ನಲ್ಲಿ ಇರುವುದು ಅದು ಸ್ವತಃ ತೆಗೆದುಕೊಂಡ ಸಮಯ ಮಾತ್ರ. ಮನೆಯ ಯಜಮಾನನ ಹೆಸರಿಗೆ ಇಡೀ ಮನೆಯ ಖರ್ಚು ಬರೆದ ಹಾಗೆ ಮೇನ್‌ನ ಕ್ಯೂಮ್‌ಟೈಮ್ ಯಾವಾಗಲೂ ದೊಡ್ಡದೇ. ಅವನ ಮೇನ್‌ನ ಟಾಟ್‌ಟೈಮ್ ಸೊನ್ನೆಗೆ ಹತ್ತಿರವಿತ್ತು. ಕೆಳಗಿಳಿದು, ಪ್ರತಿ ಫಂಕ್ಷನ್ ಎಷ್ಟು ಸಲ ಓಡಿತೆಂದು ಹೇಳುವ ಎನ್‌ಕಾಲ್ಸ್ ಕಾಲಮ್ ನೋಡಿದಾಗ, ದರಪಟ್ಟಿಯ ಎಕ್ಸೆಲ್ ಫೈಲ್ ತೆರೆಯುವ ಫಂಕ್ಷನ್ ಮಾರಾಟವಾದ ಲಾಟುಗಳಷ್ಟೇ ಸಲ ಓಡಿತ್ತು. ಆ ಒಂದು ಸಾಲನ್ನು, ಲಾಟಿಗೊಮ್ಮೆ ಮರಳಿ ಓಡುವ ಲೂಪಿನಿಂದ ಹೊರಗಿಟ್ಟದ್ದಕ್ಕೇ ವರದಿ ಕೂಡಲೇ ಬಂತು. ಗೋದಲ್ಲಿ ಬರೆದಿದ್ದರೂ ಲಾಟಿಗೊಮ್ಮೆ ಫೈಲ್ ತೆರೆಯುವುದು ತಪ್ಪುತ್ತಿರಲಿಲ್ಲ.

ಪೈಥಾನ್ ಸಾಲದಾಗುವ ಕೆಲಸಗಳಿಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಎರಡು ಭಾಷೆಗಳ ಪ್ರೊಫೈಲರ್ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬಾರದು. ಸಿಪ್ರೊಫೈಲ್ ಪ್ರತಿ ಕರೆಯನ್ನೂ ದಾಖಲಿಸುವುದರಿಂದ ಪ್ರೋಗ್ರಾಮನ್ನೇ ತುಸು ನಿಧಾನ ಮಾಡುತ್ತದೆ. ಅದು ವೇಗದ ಪೈಪೋಟಿಗೆ ಅಲ್ಲವೆಂದು ಪೈಥಾನ್ ದಸ್ತಾವೇಜೇ ಸ್ಪಷ್ಟವಾಗಿ ಬರೆದಿದೆ, ಓದುವವರು ಬೇಕಷ್ಟೆ. ಗೋದ ಸಿಪಿಯು ಪ್ರೊಫೈಲ್ ಸಾಮಾನ್ಯವಾಗಿ ಪ್ರತಿ ಕರೆಯನ್ನೂ ದಾಖಲಿಸದೆ, ಸಿಪಿಯುನಲ್ಲಿ ಯಾವ ಫಂಕ್ಷನ್ ಓಡುತ್ತಿದೆ ಎಂದು ಸೆಕೆಂಡಿಗೆ 100 ಸಲ ಇಣುಕಿ ನೋಡುತ್ತದೆ ಅಷ್ಟೆ. ಡೇಟಾಬೇಸ್ ಉತ್ತರಕ್ಕಾಗಿ ಸುಮ್ಮನೆ ಕಾದ ಸಮಯ ಅದರಲ್ಲಿ ಕಾಣುವುದೇ ಇಲ್ಲ.

ದಸ್ತಾವೇಜಿನ ವಿಷಯದಲ್ಲಿ ನನಗೆ ರಸ್ಟ್ ಮೇಲೆ ಒಲವು. ರಸ್ಟಪ್ ಡಾಕ್ ಎಂದು ಟೈಪ್ ಮಾಡಿದರೆ ನೆಟ್ ಇಲ್ಲದಿದ್ದರೂ ಇಡೀ ಕೈಪಿಡಿ ತೆರೆದುಕೊಳ್ಳುತ್ತದೆ. ಆದರೆ ಪ್ರೊಫೈಲರ್ ಅದರ ಜೊತೆಗೆ ಬರುವುದಿಲ್ಲ. ಲಿನಕ್ಸ್‌ನಲ್ಲಾದರೆ ಪರ್ಫ್ ಎಂಬ ಬೇರೆ ಪ್ರೊಫೈಲರ್ ಬಳಸಬೇಕು. ಜೊತೆಗೆ, ಕೋಡನ್ನು ವೇಗಕ್ಕೆ ಹದಗೊಳಿಸುವ ರಿಲೀಸ್ ಆಯ್ಕೆ ಕೊಡದೆ ಬಿಲ್ಡ್ ಮಾಡಿ, ರಸ್ಟ್ ಕೂಡ ನಿಧಾನ ಸರ್ ಎಂದು ದೂರು ತರುವವರು ಈಗಾಗಲೇ ಶುರುವಾಗಿದ್ದಾರೆ.