ಟಾಪಿಕ್ ಇದೆ, 40 ಪಿಡಿಎಫ್ ಇದೆ, ಔಟ್‌ಲೈನ್ ಮಾತ್ರ ಬರ್ತಿಲ್ಲ, ಏನ್ ಮಾಡೋದು?

ಪ್ರಶ್ನೆ: ಮೇಡಂ, ನಾನು ಕೋಲಾರದಲ್ಲಿ ಎಂ.ಎ. ಎಕನಾಮಿಕ್ಸ್ ಕೊನೆ ಸೆಮಿಸ್ಟರ್. ರಿಸರ್ಚ್ ಪೇಪರ್‌ಗೆ 'ಕೋಲಾರ ಜಿಲ್ಲೆಯ ನೀರಿನ ಸಮಸ್ಯೆ' ಅಂತ ಟಾಪಿಕ್ ಕೊಟ್ಟಿದ್ದೆ, ಗೈಡ್ ಒಪ್ಕೊಂಡ್ರು, ಓದೋಕೆ 40 ಪಿಡಿಎಫ್ ಕೂಡ ಸೇರಿಸಿಟ್ಟಿದೀನಿ. ಮುಂದಿನ ವಾರ ಔಟ್‌ಲೈನ್ ತಗೊಂಡು ಬಾ ಅಂದಿದಾರೆ. ಪೀಠಿಕೆ, ಉದ್ದೇಶ, ವಿಧಾನ, ವಿಶ್ಲೇಷಣೆ, ಉಪಸಂಹಾರ ಅಂತ ಬರೆದು ಮೂರು ದಿನದಿಂದ ಕೂತಿದೀನಿ, ಅದರ ಕೆಳಗೆ ಏನು ಹಾಕ್ಬೇಕು ಅಂತಾನೇ ಗೊತ್ತಾಗ್ತಿಲ್ಲ. ಎಲ್ಲಿಂದ ಶುರು ಮಾಡ್ಲಿ?

ಉತ್ತರ: ನೋಡಮ್ಮ, ನೀನು ಬರೆದಿರೋ ಆ ಐದು ಪದ ಯಾವ ಪೇಪರ್‌ಗೆ ಬೇಕಾದ್ರೂ ಹೊಂದುತ್ತೆ, ರೇಷ್ಮೆಗೂ ಹೊಂದುತ್ತೆ, ತೆಂಗಿಗೂ ಹೊಂದುತ್ತೆ, ಅದಕ್ಕೇ ಕೆಳಗೆ ಏನೂ ಹುಟ್ತಿಲ್ಲ. ಇನ್ನೊಂದು ಕಾರಣ ನಿನ್ನ ಟಾಪಿಕ್ಕೇ. 'ನೀರಿನ ಸಮಸ್ಯೆ' ಅಂದ್ರೆ ಅದರಲ್ಲಿ ಇನ್ನೂ ಪ್ರಶ್ನೆ ಇಲ್ಲ. ಪ್ರಶ್ನೆ ಇಲ್ದೆ ಔಟ್‌ಲೈನ್ ಮಾಡೋಕಾಗಲ್ಲ, ಯಾಕಂದ್ರೆ ಔಟ್‌ಲೈನ್ ಅನ್ನೋದು ಒಂದು ಪ್ರಶ್ನೆಯಿಂದ ಅದರ ಉತ್ತರದ ತನಕ ಹೋಗೋ ದಾರಿ, ಹೊರಡೋ ಊರೇ ಗೊತ್ತಿಲ್ಲ ಅಂದ್ರೆ ಯಾವ ಬಸ್ ಅಂತ ಹತ್ತೋದು.

ಹಾಗಾಗಿ ಮೊದಲ ಎರಡು ದಿನ ಪ್ರಶ್ನೆಗೆ ಕೊಡು. ನಿನ್ನ ಜಿಲ್ಲೆಯದ್ದನ್ನೇ ತಗೋಳೋಣ. ಕೋಲಾರದಲ್ಲಿ ವರ್ಷಪೂರ್ತಿ ಹರಿಯೋ ನದಿ ಇಲ್ಲ, ಹಿಂದೆ ಕೆರೆ ನಂಬಿದ್ರು, ಆಮೇಲೆ ಬೋರ್‌ವೆಲ್ ನಂಬಿದ್ರು, ಸಾವಿರ ಅಡಿ ದಾಟಿಸಿ ಕೊರೆಸಿದ್ರೂ ಬರೀ ಧೂಳು ಎದ್ದಿದ್ದನ್ನ ನೋಡಿರೋ ಮನೆಗಳು ಹಳ್ಳಿ ಹಳ್ಳಿಯಲ್ಲೂ ಇವೆ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೋರಮಂಗಲ ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನ ಎರಡು ಹಂತ ಶುದ್ಧ ಮಾಡಿ ಲಕ್ಷ್ಮೀಸಾಗರ ಕೆರೆಗೆ ಬಿಟ್ರು, ಅಲ್ಲಿಂದ ಕೆರೆಯಿಂದ ಕೆರೆಗೆ ನರಸಾಪುರದ ಕಡೆ ಹರೀತು. ಯೋಜನೆಯ ಮೊದಲ ಹಂತದ ಲೆಕ್ಕ 126 ಕೆರೆ, ದಿನಕ್ಕೆ 440 ದಶಲಕ್ಷ ಲೀಟರ್. ಈ ನೀರನ್ನ ನೇರವಾಗಿ ಹೊಲಕ್ಕೆ ಹಾಯ್ಸೋ ಹಾಗಿಲ್ಲ, ಉದ್ದೇಶ ಅಂತರ್ಜಲ ತುಂಬ್ಸೋದು. ನೊರೆ ಬಂತು, ಗಲಾಟೆ ಆಯ್ತು, ಕೇಸ್ ಸುಪ್ರೀಂ ಕೋರ್ಟ್ ತನಕ ಹೋಯ್ತು.

ಇಷ್ಟರಲ್ಲೇ ಎಷ್ಟು ಪ್ರಶ್ನೆ ಇದೆ ನೋಡು. ಆದ್ರೆ ನೀನು ಎಕನಾಮಿಕ್ಸ್ ವಿದ್ಯಾರ್ಥಿ, ನೀರಲ್ಲಿ ಯಾವ ಲೋಹ ಎಷ್ಟಿದೆ ಅಂತ ಪರೀಕ್ಷೆ ಮಾಡೋ ಲ್ಯಾಬ್ ನಿನ್ನ ಹತ್ರ ಇಲ್ಲ. ನಿನ್ನ ಕೈಗೆ ಎಟುಕೋದು ರೈತರ ಲೆಕ್ಕ. ಎಷ್ಟು ಬೋರ್ ಕೊರೆಸಿದ್ರು, ಎಷ್ಟು ಫೇಲ್ ಆಯ್ತು, ಎಷ್ಟು ಇಂಚು ನೀರು ಬಿತ್ತು, ಮೋಟರ್ ಎಷ್ಟು ಸಲ ಎತ್ತಿಸಿದ್ರು, ಸಾಲ ಎಷ್ಟು. ಹಾಗಾದ್ರೆ ಪ್ರಶ್ನೆ ಹೀಗಾಗ್ಬಹುದು: 'ಕೆ.ಸಿ. ವ್ಯಾಲಿ ನೀರು ಬಂದ ಕೆರೆಗಳ ಸುತ್ತ ಇರೋ ಹಳ್ಳಿಗಳಲ್ಲಿ ರೈತರು ಬೋರ್‌ವೆಲ್‌ಗೆ ಹಾಕೋ ಖರ್ಚು, ನೀರು ಬರದ ಕೆರೆಗಳ ಹಳ್ಳಿಗಳಿಗೆ ಹೋಲಿಸಿದ್ರೆ ಕಡಿಮೆ ಆಗಿದ್ಯಾ?' ಇದರಲ್ಲಿ ಜಾಗ ಇದೆ, ಕಾಲ ಇದೆ, ಹೋಲಿಕೆ ಇದೆ, 'ಹೌದು' ಅಂತನೂ ಉತ್ತರ ಬರ್ಬಹುದು 'ಇಲ್ಲ' ಅಂತನೂ ಬರ್ಬಹುದು. ಉತ್ತರ ಮೊದಲೇ ಗ್ಯಾರಂಟಿ ಇದ್ರೆ ಆ ಪ್ರಶ್ನೆ ಬಿಟ್ಟುಬಿಡು, ಅದಕ್ಕೆ ಪೇಪರ್ ಬೇಕಿಲ್ಲ.

ಈಗ ಔಟ್‌ಲೈನ್‌ಗೆ ಬರೋಣ. ನಾನು ನನ್ನ ವಿದ್ಯಾರ್ಥಿಗಳಿಗೆಲ್ಲ ಹಟ ಹಿಡಿದು ಹೇಳೋ ಮಾತು ಒಂದೇ: ಔಟ್‌ಲೈನ್‌ನಲ್ಲಿ ಹೆಡ್ಡಿಂಗ್ ಬರೀಬೇಡಿ, ಪೂರ್ತಿ ವಾಕ್ಯ ಬರೀರಿ. ಕ್ರಿಯಾಪದ ಇರ್ಬೇಕು. 'ಬೋರ್‌ವೆಲ್ ಖರ್ಚು' ಅಂತ ಬರೆದ್ರೆ ನೀನು ಏನೂ ಹೇಳಿಲ್ಲ ಅಂತ ನಿನಗೇ ಗೊತ್ತಾಗಲ್ಲ. 'ಕೆರೆ ತುಂಬಿದ ಮೇಲೆ ಹೊಸದಾಗಿ ಕೊರೆಸೋದು ಕಮ್ಮಿ ಆಗಿದೆ, ಆದ್ರೆ ಇರೋ ಬೋರ್‌ಗಳನ್ನ ಹೆಚ್ಚು ಹೊತ್ತು ಓಡಿಸ್ತಿದಾರೆ' ಅಂತ ಬರೆದ್ರೆ ತಕ್ಷಣ ಮನಸ್ಸು ಕೇಳುತ್ತೆ, ಹೌದಾ, ಇದಕ್ಕೆ ನನ್ನ ಹತ್ರ ಏನು ಆಧಾರ ಇದೆ, ಯಾರನ್ನ ಕೇಳ್ಬೇಕು ಅಂತ. ಈಗಿನ್ನೂ ಡೇಟಾ ಇಲ್ಲ, ಹೇಗೆ ಬರೀಲಿ ಅಂತೀಯಾ? ಊಹೆ ಮಾಡಿ ಬರಿ, ಪೆನ್ಸಿಲ್ಲಲ್ಲಿ ಬರಿ. ಫೀಲ್ಡಿಂದ ಬಂದ ಮೇಲೆ ಅದು ಸುಳ್ಳು ಅಂತ ಆದ್ರೆ ಹೊಡೆದು ಹಾಕು, ಸುಳ್ಳಾಗಿದ್ದೇ ಎಷ್ಟೋ ಸಲ ಪೇಪರಿನ ಒಳ್ಳೇ ಭಾಗ ಆಗುತ್ತೆ. ಊಹೆ ಉಳಿಸ್ಕೊಳೋಕೆ ಡೇಟಾನ ಮಾತ್ರ ಬಗ್ಗಿಸ್ಬೇಡ.

ಇದರ ಜೊತೆ ಇನ್ನೊಂದು ಕೆಲಸ, ಇದನ್ನ ಯಾರೂ ಹೇಳ್ಕೊಡಲ್ಲ, ಫೀಲ್ಡಿಗೆ ಹೋಗೋ ಮುಂಚೆ ಖಾಲಿ ಟೇಬಲ್ ಗೀಚ್ಕೋಬೇಕು. ಅಡ್ಡ ಸಾಲಲ್ಲಿ ಏನು, ಕಾಲಂನಲ್ಲಿ ಏನು, ಒಳಗೆ ನಂಬರ್ ಇಲ್ದಿದ್ರೂ ಪರವಾಗಿಲ್ಲ. ನಾನು ಎಂ.ಫಿಲ್ ಮಾಡೋವಾಗ ಇದನ್ನ ಮಾಡಿರ್ಲಿಲ್ಲ. ಬಿಸಿಲಲ್ಲಿ ಮೂರು ವಾರ ಹಳ್ಳಿ ತಿರುಗಿ ಫಾರಂ ತುಂಬಿಸ್ಕೊಂಡು ಬಂದು ಎಣಿಸೋಕೆ ಕೂತ್ರೆ ಬೋರ್ ಎಷ್ಟು ಅಡಿ ಅಂತ ಇದೆ, ಎಷ್ಟು ಖರ್ಚು ಅಂತ ಇದೆ, ಯಾವ ವರ್ಷ ಕೊರೆಸಿದ್ದು ಅಂತ ಕೇಳೇ ಇಲ್ಲ. ವರ್ಷ ಇಲ್ದೆ ಮೊದಲು ಹೇಗಿತ್ತು, ಆಮೇಲೆ ಹೇಗಾಯ್ತು ಅಂತ ಹೋಲಿಸೋದು ಹೇಗೆ. ಮತ್ತೆ ಅದೇ ಮನೆಗಳ ಬಾಗಿಲು ತಟ್ಟಿದೆ, ಅರ್ಧ ಜನ ಸಿಗ್ಲಿಲ್ಲ. ಖಾಲಿ ಟೇಬಲ್ ಒಂದು ಬರೆದಿದ್ರೆ ಆ ಕಾಲಂ ಇಲ್ಲ ಅಂತ ಮನೇಲೇ ಗೊತ್ತಾಗ್ತಿತ್ತು. ಅಂದಹಾಗೆ ನಮ್ಮ ಕಡೆ ರೈತರಿಗೆ ಇಸವಿ ಕೇಳಿದ್ರೆ ಯೋಚನೆ ಮಾಡ್ತಾ ನಿಂತ್ಬಿಡ್ತಾರೆ, 'ಕೆರೆಗೆ ನೀರು ಬರೋಕೆ ಮುಂಚೆನಾ, ಆಮೇಲಾ' ಅಂತಲೋ 'ಮಗಳ ಮದುವೆ ಆದ ವರ್ಷಾನಾ' ಅಂತಲೋ ಕೇಳಿದ್ರೆ ಪಟ್ಟಂತ ಹೇಳ್ತಾರೆ.

ನಿನ್ನ 40 ಪಿಡಿಎಫ್ ವಿಷಯ. ಅಷ್ಟನ್ನೂ ಓದಿ ಮುಗಿಸಿ ಆಮೇಲೆ ಔಟ್‌ಲೈನ್ ಅಂದ್ರೆ ಸೆಮಿಸ್ಟರ್ ಮುಗಿಯುತ್ತೆ. ಪ್ರಶ್ನೆ ಇಟ್ಕೊಂಡು ಎಲ್ಲದರ ಸಾರಾಂಶ ನೋಡು, ಹತ್ತು ಹನ್ನೆರಡು ಉಳಿಯುತ್ತೆ, ಅದನ್ನ ಸರಿಯಾಗಿ ಓದು. ಶೋಧಗಂಗಾ ಅನ್ನೋ ಪ್ರಬಂಧಗಳ ವೆಬ್‌ಸೈಟ್‌ನಲ್ಲಿ ನಿನ್ನ ಜಿಲ್ಲೆ ಮೇಲಿನ ಹಳೇ ಪಿಎಚ್‌ಡಿಗಳನ್ನೂ ಹುಡುಕು, ದುಡ್ಡು ಕೊಡ್ಬೇಕಿಲ್ಲ. ಬರೆಯೋವಾಗ 'ಇವರು ಹೀಗಂದ್ರು, ಅವರು ಹಾಗಂದ್ರು' ಅಂತ ಮದುವೆ ಮುಯ್ಯಿ ಪಟ್ಟಿ ಥರ ಹೋಗ್ಬೇಡ. ಯಾರು ಯಾವ ವಿಷಯದಲ್ಲಿ ಒಪ್ತಾರೆ, ಎಲ್ಲಿ ಜಗಳ ಇದೆ, ನಿನ್ನ ಪ್ರಶ್ನೆ ಎಲ್ಲಿ ಕೂರುತ್ತೆ ಅಂತ ಗುಂಪು ಮಾಡು: ನೀರಿನ ಗುಣಮಟ್ಟ ನೋಡಿದವರು ಒಂದು ಕಡೆ, ಅಂತರ್ಜಲ ಮಟ್ಟ ನೋಡಿದವರು ಒಂದು ಕಡೆ, ರೈತರ ಜೇಬು ನೋಡಿದವರು ಒಂದು ಕಡೆ. ನೋಟ್ಸ್ ನಿನ್ನ ಮಾತಲ್ಲೇ ಮಾಡ್ಕೋ, ಪಕ್ಕದಲ್ಲಿ ಪುಟದ ನಂಬರ್ ಹಾಕು. ಯುಜಿಸಿಯ 2018ರ ನಿಯಮದಲ್ಲಿ ನಿನ್ನ ಬರಹ ಬೇರೆಯವರ ಬರಹಕ್ಕೆ ಹೋಲೋದು ಶೇ 10 ದಾಟಿದ್ರೆ ತೊಂದ್ರೆ ಶುರು, ಕಾಪಿ ಮಾಡೋ ಉದ್ದೇಶ ಇಲ್ದೆ ಇರೋರೂ ಸಿಕ್ಕಿ ಹಾಕ್ಕೊಳೋದು ನೋಟ್ಸ್‌ನಲ್ಲಿ ಯಾವುದು ತನ್ನ ವಾಕ್ಯ ಯಾವುದು ಬೇರೆಯವರದ್ದು ಅಂತ ಕಲಸಿ ಹೋದಾಗ.

ಬಿಡೋದನ್ನೂ ಕಲೀಬೇಕು, ಇದು ಕಷ್ಟ. ಫ್ಲೋರೈಡ್ ಬಗ್ಗೆ ಬರೀಬೇಕು ಅಂತ ನಿನಗೆ ಖಂಡಿತ ಅನ್ಸುತ್ತೆ, ನನಗೂ ಅನ್ಸುತ್ತೆ, ಕುಡಿಯೋ ನೀರಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನೋ ಮಿತಿ ಇದ್ದೂ ನಮ್ಮ ಜಿಲ್ಲೆಗಳಲ್ಲಿ ಹಲ್ಲು ಕಂದು ಆಗಿರೋ ಮಕ್ಕಳನ್ನ ನೋಡ್ಕೊಂಡೇ ಬೆಳೆದಿದೀವಿ. ಆದ್ರೂ ನಿನ್ನ ಪ್ರಶ್ನೆ ಖರ್ಚಿನದು. ಪೀಠಿಕೆಯಲ್ಲಿ ಒಂದು ಸಾಲು ಸಾಕು, ಅದಕ್ಕೆ ಇನ್ನೊಂದು ಪೇಪರ್ ಬರಿ.

ಬಿಡಲೇಬಾರದ್ದು ಒಂದಿದೆ, ನಿನ್ನ ವಿರುದ್ಧ ಬರೋ ವಾದ. 2021ರಲ್ಲಿ ನಮ್ಮಲ್ಲಿ ಮಳೆ ಹೇಗೆ ಬಂತು ಅಂತ ನೆನಪಿದೆ ತಾನೇ, ವರ್ಷಗಟ್ಟಲೆ ಒಣಗಿದ್ದ ಕೆರೆಗಳೂ ಕೋಡಿ ಹರಿದ್ವು. ಆಮೇಲೆ ಬೋರ್‌ನಲ್ಲಿ ನೀರು ಹೆಚ್ಚಾಗಿದ್ರೆ ಅದು ಕೆ.ಸಿ. ವ್ಯಾಲಿಯಿಂದಾನಾ ಮಳೆಯಿಂದಾನಾ ಅಂತ ವೈವಾದಲ್ಲಿ ಕೇಳೇ ಕೇಳ್ತಾರೆ. ಅದಕ್ಕೇ ನೀರು ಬರದ ಕೆರೆ ಹಳ್ಳಿಗಳನ್ನೂ ಸೇರಿಸಿದ್ದು, ಮಳೆ ಇಬ್ಬರಿಗೂ ಬಂತು, ಪೈಪ್ ನೀರು ಒಬ್ಬರಿಗೆ ಮಾತ್ರ ಬಂತು. 2021ಕ್ಕೆ ಮುಂಚಿನ ಮೂರು ವರ್ಷದ ಲೆಕ್ಕ ಬೇರೆಯಾಗಿ ತೆಗಿ. ಔಟ್‌ಲೈನ್‌ನಲ್ಲಿ ಈ ವಾದಕ್ಕೆ ಈಗಲೇ ಒಂದು ಜಾಗ ಇಡು, ಕೊನೆಗೆ ತುರುಕೋಕಾಗಲ್ಲ.

ಎಷ್ಟು ಪದ ಎಲ್ಲಿ ಅನ್ನೋದು: 5,000 ಪದ ಅಂದ್ಕೊಂಡ್ರೆ ಪೀಠಿಕೆಗೆ 600, ಹಿಂದಿನ ಅಧ್ಯಯನಕ್ಕೆ 900, ವಿಧಾನಕ್ಕೆ 800, ಫೀಲ್ಡಲ್ಲಿ ಸಿಕ್ಕಿದ್ದಕ್ಕೆ 1,400, ಚರ್ಚೆಗೆ 1,000, ಕೊನೆಗೆ 300. ಹೆಚ್ಚು ಕಮ್ಮಿ ಆದ್ರೂ ಚಿಂತೆ ಇಲ್ಲ, ಪೀಠಿಕೆಯೇ ಎರಡು ಸಾವಿರ ಆಗ್ಬಾರದು ಅಷ್ಟೇ. ಬರೆಯೋದನ್ನ ವಿಧಾನದಿಂದ ಶುರು ಮಾಡು, ಅದು ನೀನು ಮಾಡಿರೋ ಕೆಲಸ, ಸಲೀಸಾಗಿ ಬರುತ್ತೆ, ಪೀಠಿಕೆ ಕೊನೆಗೆ, ಸಾರಾಂಶ ಎಲ್ಲಕ್ಕಿಂತ ಕೊನೆಗೆ. ಮೊದಲ ಡ್ರಾಫ್ಟ್ ಆದ ಮೇಲೆ ಪ್ರತಿ ಪ್ಯಾರಾ ಪಕ್ಕದಲ್ಲಿ ಅದು ಹೇಳೋ ಒಂದೇ ವಾಕ್ಯ ಬರಿ, ಯಾವ ಪ್ಯಾರಾಗೆ ಬರೆಯೋಕಾಗಲ್ವೋ ಅದನ್ನ ತೆಗಿ.

ಇತಿಹಾಸದವರು ಈ ಅಳತೆ ಹಿಡೀಬೇಕಿಲ್ಲ. ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿದ ಮೇಲೆ ಕಾಲೊನಿಗಳಲ್ಲಿ ಏನಾಯ್ತು ಅಂತ ಬರೆಯೋರಿಗೆ ವಾದದ ಹೆಜ್ಜೆಗಳೇ ಅಧ್ಯಾಯ. ಪೂರ್ತಿ ವಾಕ್ಯ ಬರೀಬೇಕು ಅನ್ನೋದು ಅವರಿಗೂ ಸೇರಿದ್ದೇ.

ಮುಂದಿನ ವಾರ ಗೈಡ್ ಹತ್ರ ಒಂದೇ ಹಾಳೆ ತಗೊಂಡು ಹೋಗು, ಮೇಲೆ ಪ್ರಶ್ನೆ, ಕೆಳಗೆ ಹತ್ತು ಹನ್ನೆರಡು ವಾಕ್ಯ, ಹಿಂದುಗಡೆ ಎರಡು ಖಾಲಿ ಟೇಬಲ್. ಟೊಮೇಟೊ ಕೀಳೋ ದಿನಗಳಲ್ಲಿ ಬೆಳಿಗ್ಗೆ ರೈತರು ಮನೇಲಿ ಸಿಗಲ್ಲ, ಬಾಕ್ಸ್ ತುಂಬಿ ಎಪಿಎಂಸಿಗೆ ಹೋಗಿರ್ತಾರೆ, ಸಂಜೆ ಹೊತ್ತು ಹೋಗು. ಹೊರಡೋ ಮುಂಚೆ ಟೇಬಲ್‌ನಲ್ಲಿ 'ಕೊರೆಸಿದ ವರ್ಷ' ಅನ್ನೋ ಕಾಲಂ ಇದ್ಯಾ ಅಂತ ಇನ್ನೊಂದ್ಸಲ ನೋಡ್ಕೋ.