ಕಾಲಿಗೆ ಬೀಳದ ಮಗಳಿಗೆ ಸಂಸ್ಕಾರವಿಲ್ಲವೇ?

ಪ್ರಶ್ನೆ: ಏಳು ವರ್ಷದ ಮಗಳು ಮನೆಗೆ ಬಂದ ಹಿರಿಯರ ಕಾಲಿಗೆ ಬೀಳೆಂದರೆ ಒಳಗೆ ಓಡುತ್ತಾಳೆ. ಸಂಸ್ಕಾರ ಕಲಿಸಿಲ್ಲವೆಂದು ನಾದಿನಿಯರು ಆಡಿಕೊಳ್ಳುತ್ತಾರೆ. ಹೇಳಿದ ಮಾತು ಕೇಳುವಂತೆ ಮಾಡುವುದು ಹೇಗೆ?
– ಗಂಗಾವತಿಯ ಓದುಗರು

ನಾದಿನಿಯರ ಮಾತು ಸ್ವಲ್ಪ ಬದಿಗಿರಲಿ. ಮಗಳು ತನಗಿಂತ ಚಿಕ್ಕವರನ್ನು ಹೊಡೆಯುತ್ತಾಳೆಯೇ? ತಾನು ಮಾಡಿದ ತಪ್ಪನ್ನು ಬೇರೆಯವರ ಮೇಲೆ ಹಾಕುತ್ತಾಳೆಯೇ? ಮನೆಗೆಲಸಕ್ಕೆ ಬರುವವರನ್ನು ಹಗುರವಾಗಿ ಮಾತನಾಡಿಸುತ್ತಾಳೆಯೇ? ಇವು ಯಾವುವೂ ನಿಮ್ಮ ಪತ್ರದಲ್ಲಿಲ್ಲ. ನಾನಾಗಿದ್ದರೆ ಮೊದಲು ನೋಡುತ್ತಿದ್ದುದು ಇವನ್ನೇ.

ಅಮೆರಿಕದ ಮನೋವಿಜ್ಞಾನಿ ಎಲಿಯಟ್ ಟುರಿಯಲ್ ಮತ್ತು ಸಂಗಡಿಗರು ಮಕ್ಕಳನ್ನು ಹೀಗೆ ಕೇಳಿ ನೋಡಿದರು: ಟೀಚರ್ ಒಪ್ಪಿದರೆ ಈ ಕೆಲಸ ಮಾಡಬಹುದೇ? ಉಡುಪು, ಸಂಬೋಧನೆಯಂಥ ರೂಢಿಗಳ ವಿಷಯದಲ್ಲಿ ಮಕ್ಕಳು ಸಾಮಾನ್ಯವಾಗಿ ‘ಮಾಡಬಹುದು’ ಎಂದರು. ಇನ್ನೊಂದು ಮಗುವಿಗೆ ಹೊಡೆಯುವ ಮಾತು ಬಂದಾಗ, ಟೀಚರ್ ಒಪ್ಪಿದರೂ ಅದು ತಪ್ಪೇ ಎಂದರು. ಶಾಲೆಗೆ ಇನ್ನೂ ಸೇರದ ಪುಟ್ಟ ಮಕ್ಕಳಿಗೂ ಈ ವ್ಯತ್ಯಾಸ ತಿಳಿಯುತ್ತದೆ. ಅದನ್ನು ಕಲಸಿಬಿಡುವವರು ನಾವು, ದೊಡ್ಡವರು.

ಹಾಗೆಂದು ರೂಢಿಯೆಲ್ಲ ಪೊಳ್ಳಲ್ಲ. ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲಿನ ಹಳ್ಳಿಗಳವರು ಜೋಳದ ರೊಟ್ಟಿ ತಟ್ಟಿ ತಂದುಕೊಡುತ್ತಾರೆ. ಲಕ್ಷಾಂತರ ಜನ ದಾಸೋಹದಲ್ಲಿ ಉಣ್ಣುತ್ತಾರೆ. ಅಲ್ಲಿ ಸರದಿ ಮುರಿಯಬಾರದು, ತಾಟಿನಲ್ಲಿ ಅನ್ನ ಬಿಡಬಾರದು ಎಂದರೆ ಏಕೆಂದು ಮಗುವಿಗೆ ಕಣ್ಣಿಗೇ ಕಾಣುತ್ತದೆ: ಹಿಂದೆ ನಿಂತವರಿಗೂ ಹಸಿವಿದೆ, ರೊಟ್ಟಿಯ ಹಿಂದೆ ಯಾರದೋ ಅವ್ವನ ದುಡಿಮೆಯಿದೆ. ಕಾಲಿಗೆ ಬೀಳುವುದಕ್ಕೂ ನಿಮ್ಮಲ್ಲಿ ಅಂಥದೊಂದು ಕಾರಣವಿದ್ದರೆ ಅವಳಿಗೆ ಹೇಳಿ. ‘ಜನ ಏನೆಂದಾರು’ ಎಂಬುದು ಕಾರಣವಲ್ಲ.

‘ಹೇಳಿದ ಮಾತು ಕೇಳಬೇಕು’ ಎಂಬ ನಿಮ್ಮ ಬಯಕೆಗೆ ನನ್ನ ಸಮ್ಮತಿ ಅರ್ಧ ಮಾತ್ರ. ದೊಡ್ಡವರು ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಮಗುವನ್ನು ಕೆಟ್ಟ ಉದ್ದೇಶದ ದೊಡ್ಡವರು ಸುಲಭವಾಗಿ ಬಳಸಿಕೊಳ್ಳುತ್ತಾರೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಗೆ 2012ರಲ್ಲಿ ಪೋಕ್ಸೊ ಕಾಯ್ದೆ ಬಂದಿದೆ, ಮಕ್ಕಳ ಸಹಾಯವಾಣಿ 1098 ಇದೆ. ಆದರೆ ಮುಟ್ಟಬೇಡಿ ಎನ್ನುವ ಧೈರ್ಯ ಮನೆಯಲ್ಲೇ ಹುಟ್ಟಬೇಕು. ಬಂದವರ ತೊಡೆಯ ಮೇಲೆ ಕೂರು, ಮುತ್ತು ಕೊಡು ಎಂಬ ಒತ್ತಾಯವನ್ನಂತೂ ಇವತ್ತೇ ನಿಲ್ಲಿಸಿ.

ಬದಲಿಗೆ ಅವಳಿಗೊಂದು ಕೆಲಸ ಕೊಡಿ. ನಮ್ಮ ಕಡೆಯ ಬಿಸಿಲಿನಲ್ಲಿ ನಡೆದು ಬಂದವರಿಗೆ ಮೊದಲು ಬೇಕಾಗುವುದು ನೀರು. ಚೊಂಬು ತಂದುಕೊಟ್ಟು ‘ಬರ್ರಿ, ಕೂಡ್ರಿ’ ಎಂದರೆ ಸಾಕು. ನಾಚಿಕೆಯ ಮಗುವಿಗೆ ಬರಿಗೈಯಲ್ಲಿ ನಿಲ್ಲುವುದಕ್ಕಿಂತ ಇದು ಸುಲಭ. ಅಂದು ಅದೂ ಆಗದಿದ್ದರೆ ನೆಂಟರ ಎದುರು ಗದರಬೇಡಿ. ಮುಂದಿನ ಸಲ ಅವಳು ಹಿತ್ತಲಿಗೇ ಓಡುತ್ತಾಳೆ.