ಅಜ್ಜನ ಜಮೀನಿನಲ್ಲಿ ಏಳನೇ ಅನುಸೂಚಿ

ಶಿವಮೊಗ್ಗದಲ್ಲಿ ಕೆಎಎಸ್‌ಗೆ ಓದುವ ಮಕ್ಕಳಿಗೆ ನಾನು ಸಂವಿಧಾನದ ಪಾಠ ಮಾಡುತ್ತೇನೆ. ಹೋದ ಮಳೆಗಾಲದಲ್ಲಿ ಹೊಸನಗರ ಕಡೆಯ ಹುಡುಗಿಯೊಬ್ಬಳು ಕ್ಲಾಸು ಮುಗಿದ ಮೇಲೆ ಬಂದು ನಿಂತಳು.

"ಸರ್, ಏಳನೇ ಅನುಸೂಚಿ ಎಷ್ಟು ಸಲ ಓದಿದ್ರೂ ತಲೇಲಿ ನಿಲ್ತಿಲ್ಲ. ಯಾವುದು ಯಾವ ಪಟ್ಟೀಲಿದೆ ಅಂತ ಮರೆತೇ ಹೋಗುತ್ತೆ." ಯಾವ ವಿಷಯಕ್ಕೆ ಕೇಂದ್ರ ಕಾನೂನು ಮಾಡಬೇಕು, ಯಾವುದಕ್ಕೆ ರಾಜ್ಯ, ಯಾವುದಕ್ಕೆ ಇಬ್ಬರೂ ಅಂತ ಮೂರು ಪಟ್ಟಿಯಲ್ಲಿ ಹಂಚುವುದೇ ಸಂವಿಧಾನದ ಈ ಅನುಸೂಚಿ.

"ನಿಮ್ಮನೆ ಜಮೀನಿಂದು ಏನಾದ್ರೂ ತಕರಾರು ಇದೆಯೇನಮ್ಮಾ?" ಅಂತ ಕೇಳಿದೆ.

ಮಲೆನಾಡಲ್ಲಿ ಈ ಪ್ರಶ್ನೆಗೆ ಇಲ್ಲ ಅನ್ನುವವರು ಕಡಿಮೆ. ಅಜ್ಜನ ಕಾಲದಿಂದ ಸಾಗುವಳಿ ಮಾಡಿಕೊಂಡು ಬಂದ ಒಂದೂವರೆ ಎಕರೆ ಇದೆಯಂತೆ. ಆ ಸರ್ಕಾರಿ ಜಾಗದ ಸಾಗುವಳಿಯನ್ನು ಸಕ್ರಮ ಮಾಡಿಕೊಡಿ ಅಂತ ಬಗರ್ ಹುಕುಂ ಅರ್ಜಿ ಹಾಕಿದ್ದಾರೆ. ಕಂದಾಯದವರು ಒಂದು ಹೇಳುತ್ತಾರೆ, ಅರಣ್ಯದವರು ಇನ್ನೊಂದು ಹೇಳುತ್ತಾರೆ.

ಅವತ್ತು ಆ ಒಂದೂವರೆ ಎಕರೆಯಲ್ಲೇ ಪಾಠ ಮಾಡಿದೆ. ಭೂಮಿ ರಾಜ್ಯ ಪಟ್ಟಿಯಲ್ಲಿದೆ. ಅದಕ್ಕೇ ಉಳುವವನಿಗೆ ಹೊಲ ಕೊಟ್ಟ 1974ರ ಭೂ ಸುಧಾರಣೆ ತಿದ್ದುಪಡಿ ಬೆಂಗಳೂರಿನಲ್ಲಿ ಆಯಿತು, ದೆಹಲಿಯಲ್ಲಲ್ಲ. ಅರಣ್ಯವೂ ಮೊದಲು ರಾಜ್ಯದ ಪಟ್ಟಿಯಲ್ಲೇ ಇತ್ತು. 1976ರ 42ನೇ ತಿದ್ದುಪಡಿ ಅದನ್ನು ಸಮವರ್ತಿ ಪಟ್ಟಿಗೆ, ಅಂದರೆ ಕೇಂದ್ರ, ರಾಜ್ಯ ಇಬ್ಬರೂ ಕಾನೂನು ಮಾಡಬಹುದಾದ ಪಟ್ಟಿಗೆ ತಂದಿತು. ಶಿಕ್ಷಣ, ವನ್ಯಜೀವಿ ರಕ್ಷಣೆ, ತೂಕ ಮತ್ತು ಅಳತೆ, ಕೆಳಹಂತದ ನ್ಯಾಯಾಲಯಗಳ ವಿಷಯವೂ ಆಗಲೇ ಅಲ್ಲಿಗೆ ಬಂದವು. ಆಮೇಲೆ 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ. ಕಾಡಿನ ಜಾಗವನ್ನು ಬೇರೆ ಕೆಲಸಕ್ಕೆ ಬಿಡಬೇಕಾದರೆ ಕೇಂದ್ರದ ಒಪ್ಪಿಗೆ ಮೊದಲೇ ಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಊರು ಬಿಟ್ಟ ಶರಾವತಿ ಮುಳುಗಡೆಯವರ ಭೂಮಿಯ ಹಕ್ಕು ಇಷ್ಟು ವರ್ಷ ಎಳೆದಾಡಿದ್ದರಲ್ಲಿ ಈ ಕಾಯ್ದೆಯ ಪಾಲು ದೊಡ್ಡದು. 1996ರ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅರಣ್ಯ ಎಂಬ ಪದಕ್ಕೆ ನಿಘಂಟಿನ ಅರ್ಥವನ್ನೇ ಹಿಡಿಯಬೇಕು ಎಂದಿತು. ಅಧಿಸೂಚನೆ ಆಗದಿದ್ದರೂ ಅರಣ್ಯ ಎಂದೇ ಪರಿಗಣಿಸುವ ಜಾಗದ ಬಗ್ಗೆ ನಮ್ಮ ಕಡೆ ದಿನಾ ಕಿವಿಗೆ ಬೀಳುವ 'ಡೀಮ್ಡ್ ಫಾರೆಸ್ಟ್' ಗಲಾಟೆಯ ಮೂಲ ಅದೇ.

ಸಮವರ್ತಿ ಪಟ್ಟಿಯ ವಿಷಯದಲ್ಲಿ ಎರಡು ಕಾನೂನು ಒಂದಕ್ಕೊಂದು ಅಡ್ಡ ಬಂದರೆ? 254ನೇ ವಿಧಿ ನೋಡಬೇಕು. ಸಾಮಾನ್ಯವಾಗಿ ಕೇಂದ್ರದ್ದೇ ನಡೆಯುತ್ತೆ. ರಾಷ್ಟ್ರಪತಿಯ ಅಂಕಿತ ಪಡೆದಿದ್ದರೆ ಆ ರಾಜ್ಯದ ಮಟ್ಟಿಗೆ ರಾಜ್ಯದ ಕಾನೂನು ನಿಲ್ಲುತ್ತೆ, ಆದರೂ ಸಂಸತ್ತು ಮುಂದೆ ಅದನ್ನೂ ಬದಲಿಸಬಹುದು. ಹೆಚ್ಚಿನವರು ಮೊದಲ ಅರ್ಧ ಓದಿ ಟಿಕ್ ಹಾಕಿಬಿಡುತ್ತಾರೆ. ಪ್ರಿಲಿಮ್ಸ್‌ನಲ್ಲಿ ತಪ್ಪು ಉತ್ತರಕ್ಕೆ ಕಾಲು ಭಾಗ ಅಂಕ ಹೋಗುತ್ತೆ, ಅರ್ಧ ಓದಿದವರಿಗೇ ಅದರ ಪೆಟ್ಟು ಜಾಸ್ತಿ.

ಗ್ರಾಮಸಭೆ ಬೇರೆ, ಗ್ರಾಮ ಪಂಚಾಯಿತಿ ಬೇರೆ. ಇದರಲ್ಲೂ ಎಡವುತ್ತಾರೆ. ಪಂಚಾಯಿತಿ ಅಂದರೆ ಗೆದ್ದು ಬಂದ ಸದಸ್ಯರು. ಗ್ರಾಮಸಭೆ ಅಂದರೆ ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರೂ, ನೀವೂ ಸೇರಿ. 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿ ಮೊದಲು ಬರುವುದು ಗ್ರಾಮಸಭೆಯ ಮುಂದೆ. ಪರಿಶಿಷ್ಟ ಪಂಗಡಕ್ಕೆ ಸೇರದವರು ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ಮಹಿಳಾ ಮೀಸಲಾತಿಯಲ್ಲೂ ಹೀಗೇ ಹುಷಾರಾಗಿರಬೇಕು. ಸಂವಿಧಾನದ 243ಡಿ ಹೇಳುವುದು ಮೂರನೇ ಒಂದಕ್ಕೆ ಕಡಿಮೆ ಇಲ್ಲದಂತೆ, ಕರ್ನಾಟಕದಲ್ಲಿ ಇರುವುದು ಅರ್ಧ. ಪ್ರಶ್ನೆ ಯಾವುದನ್ನು ಕೇಳಿದೆ ಅಂತ ಎರಡು ಸಲ ಓದಿ.

ಇಸವಿಗಳನ್ನೂ ಸುಮ್ನೆ ಉರು ಹೊಡೆಯಬೇಡಿ. ಸಾಗರದ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದದ್ದು 1951ರಲ್ಲಿ. ಭೂ ಸುಧಾರಣೆಯ ಕಾನೂನುಗಳಿಗೆ ರಕ್ಷಣೆ ಕೊಡಲು ಒಂಬತ್ತನೇ ಅನುಸೂಚಿ ಸೇರಿಸಿದ ಮೊದಲ ತಿದ್ದುಪಡಿಯೂ ಅದೇ ವರ್ಷದ್ದು. ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಬದಲಿಸುವಂತಿಲ್ಲ ಎಂದ ಕೇಶವಾನಂದ ಭಾರತಿ ತೀರ್ಪು ಬಂದದ್ದು 1973ರ ಏಪ್ರಿಲ್ 24ಕ್ಕೆ. ಸರಿಯಾಗಿ 20 ವರ್ಷಕ್ಕೆ, ಅದೇ ದಿನ, ಪಂಚಾಯತ್ ರಾಜ್‌ನ 73ನೇ ತಿದ್ದುಪಡಿ ಜಾರಿಗೆ ಬಂತು. ಆ ಪ್ರಕರಣ ಹೂಡಿದ ಕೇಶವಾನಂದ ಭಾರತಿ ಸ್ವಾಮೀಜಿ ಎಡನೀರು ಮಠದವರು, ನಮ್ಮ ಗಡಿಯಾಚೆಗಿನ ಕಾಸರಗೋಡಿನ ಕನ್ನಡದ ಮಠ. ಆ ಪ್ರಕರಣವೂ ಶುರುವಾದದ್ದು ಜಮೀನಿನಿಂದಲೇ ಅಲ್ವಾ!

ಪ್ರಶ್ನೋತ್ತರದ ಪುಸ್ತಕ ಬೇಡ ಅಂತ ನಾನು ಹೇಳುವುದಿಲ್ಲ. ಅದನ್ನು ಕೊನೆಯ ಎರಡು ತಿಂಗಳಿಗೆ ಇಟ್ಟುಕೊಳ್ಳಿ. ಅದಕ್ಕೂ ಮೊದಲು ಸಂವಿಧಾನದ ಮೂಲ ಪಠ್ಯವನ್ನೇ ಕನ್ನಡದಲ್ಲಿ ಓದಿ. ಊರಿನ ಗ್ರಾಮಸಭೆಯಲ್ಲಿ ಒಂದು ಸಲವಾದರೂ ಕೂತು ಬನ್ನಿ.

ಆ ಹುಡುಗಿ ಮುಂದಿನ ವಾರ ಬಂದಾಗ ಪಟ್ಟಿಗಳು ಬಾಯಲ್ಲೇ ಇದ್ದವು. ಜೊತೆಗೆ ಅಜ್ಜನ ಪ್ರಶ್ನೆಯೊಂದನ್ನೂ ತಂದಿದ್ದಳು: "ಆಸ್ತಿ ಈಗ ಮೂಲಭೂತ ಹಕ್ಕಲ್ಲ ಅಂದ್ರೆ, ನಾಳೆ ಬಂದು ಎಬ್ಬಿಸಬಹುದಾ?" 44ನೇ ತಿದ್ದುಪಡಿ ಆಸ್ತಿಯನ್ನು ಮೂಲಭೂತ ಹಕ್ಕುಗಳಿಂದ ತೆಗೆದರೂ, 300ಎ ವಿಧಿಯ ಪ್ರಕಾರ ಕಾನೂನಿನ ಆಧಾರ ಇಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವಂತಿಲ್ಲ ಎಂದೆ. "ಆದ್ರೆ ಪಹಣಿ ಅಜ್ಜನ ಹೆಸರಲ್ಲಿ ಇಲ್ವಲ್ಲ ಸರ್" ಅಂದಳು. ಕೂತು ಇದರ ಮೇಲೆ 250 ಪದ ಬರಿ ಅಂತ ಹಾಳೆ ಕೊಟ್ಟೆ.